ಇನ್ನೂರನೇ ಹಕ್ಕಿ

ನಮ್ಮ ಭಾನುವಾರದ ಹಕ್ಕಿ ನೋಡುವ ಗುಂಪಿಗೆ ಒಂದು ಸಂವಿಧಾನ ಇದೆ. ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಐವತ್ತು ಜಾತಿಯ ಹಕ್ಕಿ ನೋಡಿದವರು ಎಲ್ಲರಿಗೂ ಟೀ ಕೊಡಿಸಬೇಕು. ನೂರಾದರೆ ಮಸಾಲೆ ದೋಸೆ. ಇನ್ನೂರಾದರೆ ಇಡ್ಲಿ-ವಡೆಯಿಂದ ಕೇಸರಿಬಾತ್‌ವರೆಗೆ ಯಾರು ಏನು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಆದರೆ ಉಳಿದವರು ಚಂದಾ ಎತ್ತಿ ಅವರಿಗೊಂದು ಉಡುಗೊರೆ ಕೊಡಬೇಕು. ಮುನ್ನೂರು ದಾಟಿದವರ ಬ್ಯಾಗನ್ನು ಒಂದು ದಿನ ಪೂರ್ತಿ ಬೇರೆಯವರು ಹೊರಬೇಕು. ಈ ಕೊನೆಯ ಕಲಮಿನ ಲಾಭ ಪಡೆದವರು ಇಲ್ಲಿಯವರೆಗೆ ಡಾಕ್ಟರಮ್ಮ ಒಬ್ಬರೇ. ಅವತ್ತು ಅವರು ಬೇಕಂತಲೇ ಎರಡು ಲೀಟರಿನ ನಾಲ್ಕು ನೀರಿನ ಬಾಟಲಿ ತುಂಬಿಕೊಂಡು ಬಂದಿದ್ದರು. ಹೊತ್ತವಳು ನಾನು.

ನಾವು ಒಟ್ಟು ಎಂಟು ಜನ. ರಿಟೈರಾದ ಹೈಸ್ಕೂಲ್ ಮೇಷ್ಟ್ರು ಒಬ್ಬರು, ಮಕ್ಕಳ ಡಾಕ್ಟರು ಒಬ್ಬರು, ಇಂಜಿನಿಯರಿಂಗ್ ಓದುತ್ತಿರುವ ಒಬ್ಬ ಹುಡುಗ, ಬ್ಯಾಂಕಿನಲ್ಲಿರುವ ಗಂಡ-ಹೆಂಡತಿ, ಇನ್ನು ನನ್ನಂತೆ ಸಾಫ್ಟ್‌ವೇರ್‌ನಲ್ಲಿ ಬದುಕು ಸವೆಸುತ್ತಿರುವ ಮೂವರು. ವಾರದ ಐದು ದಿನದಲ್ಲಿ ನಾವು ಒಬ್ಬರಿಗೊಬ್ಬರು ಸಿಗೋ ಸಾಧ್ಯತೆಯೇ ಇಲ್ಲ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಮಾತ್ರ ಯಾವುದಾದರೊಂದು ಕೆರೆಯ ದಂಡೆ ಮೇಲೆ, ಕೊರಳಿಗೆ ಬೈನಾಕ್ಯುಲರ್ ಹಾಕ್ಕೊಂಡು, ನಿದ್ದೆಗಣ್ಣಲ್ಲಿ ಸಿಗುತ್ತೇವೆ. ಗುಳುಮುಳುಕ ಮುಳುಗಿ ಎಲ್ಲಿ ಏಳುತ್ತೆ ಅಂತ ಬೆಟ್ ಕಟ್ಟುತ್ತೇವೆ. ನಾಮದ ಕೋಳಿಗಳನ್ನು ಎಣಿಸುವಾಗ ಯಾರಾದರೂ ನಡುವೆ ಮಾತಾಡಿ ಲೆಕ್ಕ ತಪ್ಪಿಸಿದರೆ ಬೈಯುತ್ತೇವೆ. ಆಮೇಲೆ ಎಲ್ಲರೂ ಸೇರಿ ತಿಂಡಿಗೆ ಹೋಗುತ್ತೇವೆ. ಅಷ್ಟೇ ನಮ್ಮ ಸಾಧನೆ.

ಈ ಲೋಕದಲ್ಲಿ ಒಂದು ಹಕ್ಕಿಯನ್ನು ಜೀವನದಲ್ಲಿ ಮೊದಲ ಸಲ ನೋಡಿದರೆ ಅದಕ್ಕೆ ‘ಲೈಫರ್’ ಅಂತಾರೆ. ನಿಮ್ಮ ಲೈಫರ್‌ಗಳ ಪಟ್ಟಿ ನಿಮ್ಮ ಆತ್ಮಕಥೆ ಇದ್ದಹಾಗೆ. ಭಾರತದಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಮೊದಲ ಐವತ್ತು ಹೆಚ್ಚುಕಮ್ಮಿ ತಾನಾಗಿಯೇ ಬಂದುಬಿಡುತ್ತೆ: ಕಾಗೆ, ಮೈನಾ, ಪಿಕಳಾರ, ಗರುಡ, ಮಿಂಚುಳ್ಳಿ. ನೂರರ ನಂತರ ಕಾಲು ನೋಯುತ್ತೆ. ನೂರೈವತ್ತರ ನಂತರ ಪೆಟ್ರೋಲ್ ಖರ್ಚು ಶುರು. ಆಮೇಲೆ ಬರೋದು ಉಲಿಯಕ್ಕಿಗಳು. ಎಲ್ಲವೂ ಹಸಿರು ಮಿಶ್ರಿತ ಬೂದು ಬಣ್ಣ, ಎಲ್ಲವೂ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು, ಎಲ್ಲವೂ ಎಲೆ ಹಿಂದೆಯೇ ಇರುತ್ತವೆ. ಅವುಗಳಲ್ಲಿ ಯಾವುದು ಯಾವುದು ಅಂತ ಹೇಳಬಲ್ಲವರನ್ನು ನಮ್ಮಲ್ಲಿ ಋಷಿಗಳ ಹಾಗೆ ನೋಡುತ್ತಾರೆ.

ನಾನು ನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಿದ್ದೆ. ಒಂದು ವಾರ, ಎರಡು ವಾರ ಅಲ್ಲ, ಏಳು ತಿಂಗಳು.

ಇಂಜಿನಿಯರಿಂಗ್ ಹುಡುಗ ನನಗೆ ‘ಬಾಟಾ ಅಕ್ಕ’ ಅಂತ ಹೆಸರಿಟ್ಟ. ಚಪ್ಪಲಿ ಅಂಗಡಿಯ ಬೆಲೆಗಳು ಯಾವಾಗಲೂ ತೊಂಬತ್ತೊಂಬತ್ತಕ್ಕೇ ನಿಲ್ಲುತ್ತವಲ್ಲ, ಹಾಗೆ. ಹೆಸರು ಅಂಟಿಕೊಂಡಿತು. ಮಾತಿಗೆ ಕ್ರಿಕೆಟ್ಟೂ ಬಂತು. ಸಚಿನ್ ತೆಂಡೂಲ್ಕರ್ 2011ರ ಮಾರ್ಚ್‌ನಲ್ಲಿ ತೊಂಬತ್ತೊಂಬತ್ತನೇ ಅಂತರರಾಷ್ಟ್ರೀಯ ಶತಕ ಹೊಡೆದು, ನೂರನೆಯದಕ್ಕೆ 2012ರ ಮಾರ್ಚ್‌ವರೆಗೆ ಕಾದರು. ‘ಅವರಿಗೇ ಒಂದು ವರ್ಷ ಬೇಕಾಯ್ತು, ನೀನು ಯಾವ ಲೆಕ್ಕ ಕಣೇ’ ಅಂತ ಡಾಕ್ಟರಮ್ಮ ಸಮಾಧಾನ ಮಾಡಿದರು. ಬ್ಯಾಂಕಿನ ದಂಪತಿಗಳ ನಡುವೆ ಮುಲ್ತಾನ್ ಜಗಳ ಮತ್ತೆ ಶುರುವಾಯಿತು. 2004ರಲ್ಲಿ ಪಾಕಿಸ್ತಾನದ ಮುಲ್ತಾನ್ ಟೆಸ್ಟ್‌ನಲ್ಲಿ ಸಚಿನ್ 194ರಲ್ಲಿ ಆಡುತ್ತಿದ್ದಾಗ ನಮ್ಮ ರಾಹುಲ್ ದ್ರಾವಿಡ್ ಡಿಕ್ಲೇರ್ ಮಾಡಿದ್ದರಲ್ಲ, ಅದು ಸರಿಯೋ ತಪ್ಪೋ ಅಂತ. ಭಾರತ ಆ ಮ್ಯಾಚನ್ನು ಇನ್ನಿಂಗ್ಸ್ ಅಂತರದಲ್ಲಿ ಗೆದ್ದಿತು. ಇಷ್ಟು ವರ್ಷ ಆದರೂ ಆ ಮನೆಯಲ್ಲಿ ಗಂಡ ದ್ರಾವಿಡ್ ಕಡೆ, ಹೆಂಡತಿ ಸಚಿನ್ ಕಡೆ. 194ಕ್ಕೂ 200ಕ್ಕೂ ಇರೋದು ಆರೇ ರನ್ ವ್ಯತ್ಯಾಸ. ಆದರೂ ಕೋಟಿಗಟ್ಟಲೆ ಜನಕ್ಕೆ ಅವತ್ತು ಹೊಟ್ಟೆಯಲ್ಲಿ ಏನೋ ಕಳಚಿದ ಹಾಗಾಯಿತಲ್ಲ, ಅದು ಯಾಕೆ?

ಈ ಪ್ರಶ್ನೆಯನ್ನು ಆಫೀಸಿನ ನನ್ನ ಗೆಳತಿ ಬೇರೆ ಥರ ಕೇಳುತ್ತಾಳೆ. ‘ವಾರವೆಲ್ಲಾ ನಂಬರ್ ಸಾಕಾಗಲ್ವಾ ನಿನಗೆ? ಹಕ್ಕಿ ನೋಡು, ಖುಷಿಪಡು, ಮನೆಗೆ ಬಾ. ಎಣಿಸೋದು ಯಾಕೆ?’ ಅವಳ ಮಾತಲ್ಲಿ ನ್ಯಾಯ ಇದೆ. ನಮ್ಮದು ಎಣಿಸಿಕೊಂಡು ಎಣಿಸಿಕೊಂಡು ಸುಸ್ತಾದ ತಲೆಮಾರು. ಎಷ್ಟು ಹೆಜ್ಜೆ ನಡೆದೆ ಅಂತ ಕೈಗಡಿಯಾರ ಹೇಳುತ್ತೆ, ಎಷ್ಟು ಚೆನ್ನಾಗಿ ಮಲಗಿದೆ ಅಂತಲೂ ಅದೇ ಹೇಳುತ್ತೆ. ಅಪ್ರೈಸಲ್‌ನಲ್ಲಿ ಒಂದರಿಂದ ಐದರೊಳಗೆ ಒಂದು ಅಂಕೆ ಕೊಟ್ಟು ನಮ್ಮ ಇಡೀ ವರ್ಷವನ್ನು ಮಡಚಿ ಇಡುತ್ತಾರೆ. ಸಾಲ ಕೊಡಬಹುದೋ ಬೇಡವೋ ಅಂತ ಹೇಳೋಕೂ ಒಂದು ಸ್ಕೋರು. ಇಂಥವರಿಗೆ ಭಾನುವಾರವೂ ಒಂದು ಪಟ್ಟಿ ಬೇಕಾ?

ನಾನು ಅವಳಿಗೆ ಕೊಡುತ್ತಿದ್ದ ಉತ್ತರ ಇದು: ಆಫೀಸಿನ ಅಂಕೆ ನನ್ನನ್ನು ಎಣಿಸುತ್ತೆ, ಇಲ್ಲಿ ನಾನು ಎಣಿಸುತ್ತೇನೆ. ಆಫೀಸಿನ ಅಂಕೆಯಿಂದ ಸಂಬಳ ನಿರ್ಧಾರ ಆಗುತ್ತೆ, ಈ ಅಂಕೆಯಿಂದ ದೋಸೆ ಬಿಲ್ಲು ಯಾರು ಕೊಡಬೇಕು ಅನ್ನೋದು ಮಾತ್ರ ನಿರ್ಧಾರ ಆಗುತ್ತೆ. ಇನ್ನೂರು ನೋಡಿದವರು ಇಪ್ಪತ್ತು ನೋಡಿದವರಿಗಿಂತ ಒಳ್ಳೆಯವರೇನೂ ಅಲ್ಲ, ಜಾಣರೂ ಅಲ್ಲ. ಹಾಗಾಗಿ ಇದು ಯಾರಿಗೂ ನೋವು ಮಾಡದ ಎಣಿಕೆ. ಇಷ್ಟು ಹೇಳಿ ನಾನೇ ತಲೆದೂಗುತ್ತಿದ್ದೆ. ಡಿಸೆಂಬರಿನ ಒಂದು ಬೆಳಿಗ್ಗೆ ಈ ಸಿದ್ಧಾಂತ ಕೆಟ್ಟುಹೋಯಿತು.

ಅವತ್ತು ನಾವು ನಂದಿಬೆಟ್ಟಕ್ಕೆ ಹೋಗಿದ್ದೆವು. ಬೆಂಗಳೂರಿನವರಿಗೆ ನಂದಿ ಅಂದರೆ ಸೂರ್ಯೋದಯ, ಬೈಕು, ಮ್ಯಾಗಿ. ನಮ್ಮಂಥವರಿಗೆ ಅಲ್ಲೊಂದು ವಿಶೇಷ ಇದೆ: ನೀಲಗಿರಿ ಕಾಡು ಪಾರಿವಾಳ. ಇದು ಮೂಲತಃ ಪಶ್ಚಿಮ ಘಟ್ಟದ ಮಳೆಕಾಡಿನ ಹಕ್ಕಿ. ಆದರೆ ಅಲ್ಲಿಂದ ಅಷ್ಟು ದೂರದ ಈ ಒಂಟಿ ಬೆಟ್ಟದ ಮೇಲೆ, 1,478 ಮೀಟರ್ ಎತ್ತರದ ತಂಪಿನಲ್ಲಿ, ಅದರ ಒಂದು ಪುಟ್ಟ ಸಂಸಾರ ಉಳಿದುಕೊಂಡಿದೆ. ಮಾಮೂಲಿ ಪಾರಿವಾಳಕ್ಕಿಂತ ದೊಡ್ಡದು, ಬೆನ್ನಿನ ಮೇಲೆ ಕಂದು-ನೇರಳೆ ಹೊಳಪು. ಗುರುತು ಹಿಡಿಯುವ ಮುಖ್ಯ ಲಕ್ಷಣ ಕುತ್ತಿಗೆಯ ಹಿಂಭಾಗದ್ದು: ಚದುರಂಗದ ಹಾಸಿನ ಹಾಗೆ ಕಪ್ಪು-ಬಿಳಿ ಚೌಕಳಿ.

ಮೇಷ್ಟ್ರು ಇದನ್ನು ನೋಡೋಕೆ ಅಂತಲೇ ನಂದಿಗೆ ನಾಲ್ಕು ಸಲ ಬಂದಿದ್ದರು. ನಾಲ್ಕು ಸಲವೂ ಸಿಕ್ಕಿರಲಿಲ್ಲ. ಅವರ ಪಟ್ಟಿ 260ರ ಆಸುಪಾಸಿನಲ್ಲಿತ್ತು, ಆದರೆ ಅವರು ಅಂಕೆ ಬಗ್ಗೆ ಮಾತಾಡುತ್ತಿರಲಿಲ್ಲ. ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ದಿನಾಂಕ, ಸಮಯ, ಜಾಗ, ಹಕ್ಕಿ ಏನು ಮಾಡುತ್ತಿತ್ತು ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಕಾಗೆ ಕಂಡರೂ ಬರೆಯುತ್ತಿದ್ದರು.

ಮಂಜು ದಟ್ಟವಾಗಿತ್ತು. ಎಲ್ಲರೂ ಚದುರಿದ್ದೆವು. ಗೋಡೆ ಪಕ್ಕದ ದೊಡ್ಡ ಮರದಿಂದ ಪಟಪಟ ಸದ್ದು ಮಾಡುತ್ತಾ ಒಂದು ಪಾರಿವಾಳ ಹಾರಿ ಮಂಜಿನೊಳಗೆ ಕರಗಿತು. ನನಗೆ ಕಂಡದ್ದು ಇಷ್ಟು: ಬೂದು ಬಣ್ಣದ ಒಂದು ಗಾತ್ರ, ಎರಡು ಸೆಕೆಂಡು. ಅದು ಮಾಮೂಲಿ ಪಾರಿವಾಳವೇ ಇರಬಹುದಿತ್ತು.

‘ಏನದು? ಏನದು?’ ಅಂತ ಹುಡುಗ ಓಡಿ ಬಂದ. ಹಿಂದೆ ಡಾಕ್ಟರಮ್ಮ. ನಾನು ಬಾಯಿಬಿಟ್ಟೆ. ‘ಕಾಡು ಪಾರಿವಾಳ. ಕುತ್ತಿಗೆ ಮೇಲೆ ಚೌಕಳಿ ಕಾಣಿಸ್ತು.’

ಈಗಲೂ ನನಗೆ ಆಶ್ಚರ್ಯ ಆಗೋದು ಆ ಎರಡನೇ ವಾಕ್ಯದ ಬಗ್ಗೆ. ಮೊದಲನೆಯದನ್ನು ತಪ್ಪು ತಿಳಿವಳಿಕೆ ಅನ್ನಬಹುದು. ಎರಡನೆಯದು ಅಪ್ಪಟ ಸುಳ್ಳು. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಲ್ಲಿ ಕಂಡೆ ಅಂತ ಹೇಳಿದ್ದೆ. ತಮಾಷೆ ಅಂದ್ರೆ ನನ್ನ ವೃತ್ತಿ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರು ‘ಎಲ್ಲಾ ಸರಿಯಾಗಿದೆ’ ಅಂದಾಗ ‘ತೋರಿಸು’ ಅನ್ನೋಕೆ ನನಗೆ ಸಂಬಳ ಕೊಡ್ತಾರೆ.

ಚಪ್ಪಾಳೆ ಬಿತ್ತು. ಹುಡುಗ ‘ಬಾಟಾ ಅಂಗಡಿ ಬಾಗಿಲು ಹಾಕ್ತು’ ಅಂತ ಕೂಗಿದ. ಬೆಟ್ಟ ಇಳಿದು ಹೋಟೆಲಿಗೆ ಹೋದೆವು. ಎಂಟು ಜನ ಸಂವಿಧಾನಬದ್ಧವಾಗಿ ತಿಂದರು, ಬಿಲ್ಲು ಸಾವಿರದ ಎಂಟುನೂರು ಚಿಲ್ಲರೆ. ಗಮನಿಸಿ, ಸುಳ್ಳು ಹೇಳಿ ಲಾಭ ಮಾಡಿಕೊಂಡವರ ಕಥೆ ನೀವು ಬೇಕಾದಷ್ಟು ಕೇಳಿರುತ್ತೀರಿ. ಸುಳ್ಳು ಹೇಳಿ ಕೈಯಿಂದ ದುಡ್ಡು ಕಳೆದುಕೊಂಡವಳು ನಾನು. ಅವರು ಕೊಟ್ಟ ಉಡುಗೊರೆ ಒಂದು ಚಂದದ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಮೇಷ್ಟ್ರ ಅಕ್ಷರ: ‘ಇನ್ನೂರೊಂದರಿಂದ ಮುಂದಕ್ಕೆ’.

ಆ ರಾತ್ರಿ ನನ್ನ ಮನಸ್ಸು ಬಹಳ ಒಳ್ಳೆಯ ವಕೀಲನ ಹಾಗೆ ವಾದ ಮಾಡಿತು. ಯಾರಿಗೆ ನಷ್ಟ? ಬಹುಮಾನ ಇಲ್ಲ, ದುಡ್ಡಿಲ್ಲ, ಸ್ಪರ್ಧೆಯೇ ಇಲ್ಲ. ಹಕ್ಕಿಗೆ ತಾನು ಯಾರ ಪಟ್ಟಿಯಲ್ಲಿದ್ದೇನೆ ಅಂತ ಗೊತ್ತೇ ಇಲ್ಲ. ಎಲ್ಲರಿಗೂ ಖುಷಿಯಾಗಿದೆ, ಹೊಟ್ಟೆ ತುಂಬಿದೆ. ಏಳು ತಿಂಗಳ ಕೀಟಲೆಗೆ ಒಂದು ಸುಖಾಂತ್ಯ ಸಿಕ್ಕಿದೆ. ಇದನ್ನು ಸುಳ್ಳು ಅನ್ನೋದಕ್ಕಿಂತ ಸಮಾರಂಭದ ಅಲಂಕಾರ ಅನ್ನಬಹುದಲ್ಲ?

ಈ ವಾದದಲ್ಲಿ ಏನು ತಪ್ಪಿದೆ ಅಂತ ತಿಳಿಯೋಕೆ ಮೊದಲು ಚೌಕಾಬಾರಕ್ಕೆ ಹೋಗೋಣ. ಚಿಕ್ಕವಳಿದ್ದಾಗ ಅಜ್ಜಿ ಜೊತೆ ಆಡುವಾಗ, ಅವರು ನೀರು ಕುಡಿಯೋಕೆ ಎದ್ದರೆ ನನ್ನ ಕಾಯನ್ನು ಒಂದು ಮನೆ ಮುಂದೆ ತಳ್ಳುತ್ತಿದ್ದೆ. ಕಾಯಿ ಹಣ್ಣಾಗುತ್ತಿತ್ತು, ಅಜ್ಜಿ ‘ಗೆದ್ಯಲ್ಲೇ’ ಅನ್ನುತ್ತಿದ್ದರು. ಆದರೆ ನಾನು ಗೆದ್ದಿರುತ್ತಿದ್ದೆನಾ? ಬರ್ನಾರ್ಡ್ ಸೂಟ್ಸ್ ಎಂಬ ತತ್ವಶಾಸ್ತ್ರಜ್ಞ 1978ರಲ್ಲಿ ಬಂದ ಒಂದು ಪುಸ್ತಕದಲ್ಲಿ ಆಟ ಅಂದರೇನು ಅಂತ ವಿವರಿಸುತ್ತಾರೆ. ಅವರ ಮಾತಿನ ಸಾರ: ಆಟ ಅಂದರೆ ಬೇಕಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ಅವನ್ನು ದಾಟಲು ಪ್ರಯತ್ನಿಸೋದು. ಕಾಯನ್ನು ಕೈಯಲ್ಲಿ ಎತ್ತಿ ನಡುಮನೆಗೆ ಇಟ್ಟರೆ ಯಾರೂ ತಡೆಯಲ್ಲ. ಕವಡೆ ಹಾಕಿ, ಗರ ಬಿದ್ದಷ್ಟೇ ನಡೆಸಿ, ಸಾಯಿಸಿಕೊಂಡು, ಮತ್ತೆ ಶುರುಮಾಡಿ ಸೇರಿಸಿದರೆ ಮಾತ್ರ ಅದು ಹಣ್ಣು. ಮೋಸ ಮಾಡಿದವನು ಆಟವನ್ನು ಗೆಲ್ಲೋದೇ ಇಲ್ಲ, ಯಾಕಂದ್ರೆ ಅವನು ಆ ಹೊತ್ತಿಗೆ ಆಟ ಆಡ್ತಾನೇ ಇರೋದಿಲ್ಲ.

ಹಾಗಾದರೆ ನನ್ನ ಪಟ್ಟಿಯ ಇನ್ನೂರನೇ ಸಾಲು ಖಾಲಿ. ನಷ್ಟ ನನಗೊಬ್ಬಳಿಗೇ ಆದರೆ ಹೇಗೋ ನುಂಗಿಕೊಂಡು ಇರಬಹುದಿತ್ತು. ಎರಡು ವಾರದ ನಂತರ ಡಾಕ್ಟರಮ್ಮ ಹೇಳಿದ ಸುದ್ದಿ ನುಂಗೋಕೆ ಆಗಲಿಲ್ಲ. ಮೇಷ್ಟ್ರು ಹಿಂದಿನ ಶುಕ್ರವಾರ ಒಬ್ಬರೇ ಬಸ್ಸು ಹಿಡಿದು ನಂದಿಗೆ ಹೋಗಿ ಬಂದಿದ್ದರಂತೆ. ನನಗೆ ತಕ್ಷಣ ನೆನಪಾಯಿತು. ಅವರು ಅವತ್ತು ಹೋಟೆಲಿನಲ್ಲಿ ನನ್ನ ಪಕ್ಕ ಕೂತು ಕೇಳಿದ್ದರು. ‘ಯಾವ ಮರ ಕಣಮ್ಮ? ಗೋಡೆಯಿಂದ ಎಷ್ಟು ದೂರ? ಎಷ್ಟು ಗಂಟೆ ಆಗಿತ್ತು? ಯಾವ ಕಡೆ ಹಾರ್ತು?’ ನಾನು ಒಂದೊಂದಕ್ಕೂ ಉತ್ತರ ಕೊಟ್ಟಿದ್ದೆ. ಅವರು ಒಂದೊಂದನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿದ್ದರು. ಅರವತ್ತೆಂಟು ವಯಸ್ಸಿನ, ಮಂಡಿ ನೋವಿನ ಮನುಷ್ಯ ಆ ಮರದ ಕೆಳಗೆ ಮೂರು ಗಂಟೆ ಚಳಿಯಲ್ಲಿ ನಿಂತು ವಾಪಸ್ ಬಂದಿದ್ದರು. ‘ಮುಂದಿನ ಸಲ ಇನ್ನೂ ಬೇಗ ಹೋಗ್ಬೇಕು’ ಅಂದರಂತೆ.

ಆ ವಾರ ನಿದ್ದೆ ಬರದೆ ಏನೋ ಓದುತ್ತಾ ಕೂತಿದ್ದಾಗ ಒಂದು ಗೂಬೆಯ ಕಥೆ ಎದುರಾಯಿತು. ಫಾರೆಸ್ಟ್ ಔಲೆಟ್ ಅಂತ ಅದರ ಹೆಸರು, ಮಧ್ಯ ಭಾರತದ ಒಂದು ಪುಟ್ಟ ಕಾಡುಗೂಬೆ. ಹತ್ತೊಂಬತ್ತನೇ ಶತಮಾನದಲ್ಲಿ ಬೆರಳೆಣಿಕೆಯ ಮಾದರಿಗಳು ಸಿಕ್ಕಿದ್ದವು. 1884ರ ನಂತರ ಅದರ ಸುದ್ದಿಯೇ ಇಲ್ಲ. ಒಂದು ದಾಖಲೆ ಮಾತ್ರ ಬೇರೆ ಇತ್ತು: ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ, ಹೆಸರಾಂತ ಪಕ್ಷಿತಜ್ಞ, 1914ರಲ್ಲಿ ಗುಜರಾತಿನಲ್ಲಿ ಅದನ್ನು ಹಿಡಿದೆ ಅಂತ ಚೀಟಿ ಬರೆದು ಇಟ್ಟಿದ್ದ ಒಂದು ಮಾದರಿ. ದೊಡ್ಡ ಮನುಷ್ಯ, ಯಾರು ಅನುಮಾನ ಪಡ್ತಾರೆ? ಹಕ್ಕಿಯನ್ನು ಹುಡುಕಲು ಹೊರಟವರನ್ನು ಆ ಚೀಟಿ ಗುಜರಾತಿನ ಕಡೆಗೆ ಕೈತೋರಿಸುತ್ತಲೇ ಇತ್ತು. ಗೂಬೆ ನಾಶವಾಗಿರಬಹುದು ಅಂತ ಎಷ್ಟೋ ಜನ ನಂಬಿಬಿಟ್ಟರು.

1990ರ ದಶಕದಲ್ಲಿ ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಮ್ಯೂಸಿಯಮ್ಮುಗಳಲ್ಲಿದ್ದ ಹಳೆಯ ಮಾದರಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮೈನರ್ಟ್ಸ್‌ಹಾಗನ್‌ನ ಗೂಬೆ ಅವನು ಹಿಡಿದದ್ದೇ ಅಲ್ಲ. ಬೇರೆಯವರು 1880ರ ದಶಕದಲ್ಲಿ ಸಂಗ್ರಹಿಸಿದ್ದನ್ನು ಕದ್ದು, ಬಿಚ್ಚಿ, ಮತ್ತೆ ತುಂಬಿ, ಹೊಸ ಚೀಟಿ ಅಂಟಿಸಿದ್ದ. ಇಂಥದ್ದನ್ನು ಅವನು ಒಂದಲ್ಲ, ಬಹಳಷ್ಟು ಹಕ್ಕಿಗಳ ವಿಷಯದಲ್ಲಿ ಮಾಡಿದ್ದ. ರಾಸ್ಮುಸೆನ್ ಮತ್ತು ಅವರ ಜೊತೆಯವರು ಗುಜರಾತಿನ ಆ ಸುಳ್ಳನ್ನು ಪಕ್ಕಕ್ಕಿಟ್ಟು, ನಿಜವಾದ ಹಳೆಯ ದಾಖಲೆಗಳಿದ್ದ ಕಡೆ ಹುಡುಕಿದರು. 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರದ ಕಾಡಿನಲ್ಲಿ ಗೂಬೆ ಸಿಕ್ಕಿತು. ಹಗಲು ಹೊತ್ತಿನಲ್ಲೇ ಕೊಂಬೆ ಮೇಲೆ ಕೂತಿತ್ತು. ನೂರ ಹದಿಮೂರು ವರ್ಷ!

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ನನ್ನದು ಮೈನರ್ಟ್ಸ್‌ಹಾಗನ್ ಮಟ್ಟದ ಅಪರಾಧ ಅಂತ ಹೇಳೋಕೆ ಹೊರಟರೆ ಅದೂ ಒಂದು ಜಂಬವೇ. ಆದರೆ ಎರಡೂ ಸುಳ್ಳುಗಳ ಕೆಲಸ ಒಂದೇ ರೀತಿಯದು. ಅವನ ಚೀಟಿ ನಂಬಿದವರು ಗುಜರಾತಿನ ಕಡೆ ನೋಡಿದರು, ನನ್ನ ಮಾತು ನಂಬಿದವರು ಒಂದು ಮರದ ಕೆಳಗೆ ನಿಂತರು. ‘ಯಾರಿಗೆ ನಷ್ಟ’ ಅಂತ ಕೇಳಿದ್ದೆನಲ್ಲ, ಆ ಪ್ರಶ್ನೆಗೆ ಉತ್ತರ ಬಸ್ಸಿನಲ್ಲಿ ಟಿಕೆಟ್ ತಗೊಂಡು ಹೋಗಿ ಬಂದಿತ್ತು.

ಇನ್ನೂ ಒಂದು ವಿಷಯ ಇದೆ. ನಾವು ತಮಾಷೆಗೆ ಮಾಡುವ ಪಟ್ಟಿಗಳು ನಿಜಕ್ಕೂ ಎಲ್ಲೋ ಹೋಗುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಸಂಸ್ಥೆ ನಡೆಸುವ ‘ಈಬರ್ಡ್’ಗೆ ನಮ್ಮಂಥ ಸಾವಿರಾರು ಜನ ತಾವು ನೋಡಿದ್ದನ್ನು ಸೇರಿಸುತ್ತಾರೆ. 2023ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ತಯಾರಾದದ್ದು ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ದಾಖಲಿಸಿದ ಸುಮಾರು ಮೂರು ಕೋಟಿ ನೋಟಗಳಿಂದ. ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ಗೊತ್ತಾದದ್ದು ಆ ಲೆಕ್ಕದಿಂದಲೇ. ಇದನ್ನು ಹೇಳಿದ್ದು ಯಾರೋ ಒಬ್ಬ ದೊಡ್ಡ ವಿಜ್ಞಾನಿ ಮಾತ್ರ ಅಲ್ಲ. ಕಾಗೆ ಕಂಡರೂ ಬರೆದ, ನೀಲಕಂಠ ಕಾಣದ ದಿನ ಕಾಣಲಿಲ್ಲ ಅಂತ ಪ್ರಾಮಾಣಿಕವಾಗಿ ಬಿಟ್ಟ ಸಾವಿರಾರು ಮೇಷ್ಟ್ರುಗಳು. ಅವರಲ್ಲಿ ಪ್ರತಿಯೊಬ್ಬರೂ ‘ನನ್ನದೊಂದು ಸುಳ್ಳಿಂದ ಏನಾಗುತ್ತೆ’ ಅಂದುಕೊಂಡಿದ್ದರೆ ಲೆಕ್ಕವೇ ಇರುತ್ತಿರಲಿಲ್ಲ.

ಜನವರಿಯ ಎರಡನೇ ಭಾನುವಾರ, ತಿಂಡಿ ಮೇಜಿನ ಮುಂದೆ, ಕಾಫಿ ಬರೋ ಮುಂಚೆ ಹೇಳಿಬಿಟ್ಟೆ. ‘ನಂದಿಯಲ್ಲಿ ನಾನು ಕಾಡು ಪಾರಿವಾಳ ನೋಡಿಲ್ಲ. ಯಾವುದೋ ಪಾರಿವಾಳ ಹಾರಿದ್ದು ನಿಜ. ಚೌಕಳಿ ಕಂಡಿದ್ದು ಸುಳ್ಳು.’

ಎರಡು ಕ್ಷಣ ಮೌನ. ಆಮೇಲೆ ಹುಡುಗ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡು ‘ಅಕ್ಕಾ, ಆ ಕೇಸರಿಬಾತ್ ವಾಪಸ್ ಕೊಡೋಕಾಗಲ್ಲ’ ಅಂದ. ಎಲ್ಲರೂ ನಕ್ಕರು. ಬ್ಯಾಂಕಿನ ದಂಪತಿಗಳು ಜೀವನದಲ್ಲಿ ಮೊದಲ ಬಾರಿಗೆ ಒಂದೇ ಪಕ್ಷಕ್ಕೆ ಸೇರಿ, ಸಂವಿಧಾನಕ್ಕೆ ತಿದ್ದುಪಡಿ ತಂದರು: ಸುಳ್ಳು ಇನ್ನೂರಕ್ಕೆ ಕೊಡಿಸಿದ ತಿಂಡಿ ಲೆಕ್ಕಕ್ಕಿಲ್ಲ, ನಿಜವಾದ ಇನ್ನೂರಕ್ಕೆ ಮತ್ತೆ ಕೊಡಿಸಬೇಕು, ದಂಡವಾಗಿ ತಲೆಗೊಂದು ಜಾಮೂನು. ನಾನು ಬಾಟಾ ಅಕ್ಕನಾಗಿ ಮರುಪ್ರತಿಷ್ಠಾಪನೆಗೊಂಡೆ. ಅಷ್ಟು ಸುಲಭವಾಗಿ ಮುಗಿಯಿತು ಅಂತ ಉಸಿರು ಬಿಟ್ಟೆ.

ಮೇಷ್ಟ್ರು ನಗಲಿಲ್ಲ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ‘ನನಗೆ ಸ್ವಲ್ಪ ಕೆಲಸ ಇದೆ’ ಅಂತ ಎದ್ದು ಹೋದರು.

ಸಂಜೆ ಫೋನ್ ಮಾಡಿದೆ. ಬಸ್ಸು, ಚಳಿ, ಮಂಡಿ ಎಲ್ಲದಕ್ಕೂ ಕ್ಷಮೆ ಕೇಳೋಕೆ ಶುರುಮಾಡಿದೆ. ಅವರು ಮಧ್ಯದಲ್ಲೇ ತಡೆದರು.

‘ನಂದಿಗೆ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ ಕಣಮ್ಮ. ನಾಲ್ಕು ಸಲ ಸಿಗದೇ ಬಂದವನಿಗೆ ಐದನೇದು ಏನು ಮಹಾ. ಅವತ್ತು ನಿನಗೆ ಅದು ಕಾಣಿಸ್ತು ಅಂದಾಗ ನನಗೆ ಎಷ್ಟು ಸಂತೋಷ ಆಗಿತ್ತು ಗೊತ್ತಾ? ಮನೆಗೆ ಬಂದು ನಮ್ಮನೆಯವಳಿಗೆ ಹೇಳಿದೆ. ನಾನೇ ನೋಡಿದಷ್ಟು ಖುಷಿ. ಈಗ ಆ ಖುಷಿನ ಎಲ್ಲಿಡಲಿ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಮುಲ್ತಾನ್ ಜಗಳ ಯಾಕೆ ಮುಗಿಯೋದಿಲ್ಲ ಅಂತ ಅವತ್ತು ಸ್ವಲ್ಪ ಅರ್ಥವಾಯಿತು. ಇನ್ನೂರು ಅನ್ನೋ ಅಂಕೆಯಲ್ಲಿ ತನ್ನದೇ ಆದ ಮಹತ್ವ ಏನೂ ಇಲ್ಲ. ನೂರ ತೊಂಬತ್ತೇಳಕ್ಕೆ ಯಾಕೆ ದೋಸೆ ಇಲ್ಲ ಅಂದ್ರೆ ಯಾರೂ ಆ ಅಂಕೆಯ ಮೇಲೆ ತಮ್ಮ ಖುಷಿ ಕಟ್ಟಿಟ್ಟಿಲ್ಲ, ಅಷ್ಟೇ. ನಾವೆಲ್ಲ ಸೇರಿ ಸುಮ್ಮನೆ ಒಂದು ಜಾಗ ಗೊತ್ತುಮಾಡಿ, ಇಲ್ಲಿಗೆ ಬಂದಾಗ ನಾವೂ ಖುಷಿಪಡ್ತೀವಿ ಅಂತ ಒಬ್ಬರಿಗೊಬ್ಬರು ಮಾತು ಕೊಟ್ಟಿರ್ತೀವಿ. ಹಾಗಾಗಿ ನನ್ನ ಪಟ್ಟಿ ನನ್ನದು ಅಂತ ನಾನು ಅಂದುಕೊಂಡಿದ್ದು ತಪ್ಪು. ಹಕ್ಕಿ ನೋಡಿದ ಕಣ್ಣು ನನ್ನದಿರಬಹುದು. ಅದನ್ನು ಕೇಳಿ ‘ಹೌದಾ!’ ಅಂತ ಅರಳಿದ ಮುಖಗಳು ನನ್ನವಲ್ಲ. ಆ ‘ಹೌದಾ’ ಅನ್ನೋದನ್ನು ಅವರು ಯಾವ ಸಾಕ್ಷಿಯನ್ನೂ ಕೇಳದೆ, ನನ್ನ ಮಾತೊಂದನ್ನೇ ನಂಬಿ ಕೊಟ್ಟಿದ್ದರು.

ಗೆಳತಿಗೆ ಹೇಳುತ್ತಿದ್ದ ನನ್ನ ಸಿದ್ಧಾಂತವನ್ನೂ ಈಗ ತಿದ್ದಬೇಕಾಗಿದೆ. ಯಾರಿಗೂ ನೋವು ಮಾಡದ ಎಣಿಕೆ ಅಂತ ಒಂದಿಲ್ಲ. ಆಫೀಸಿನಲ್ಲಿ ನನ್ನ ಮಾತನ್ನು ಯಾರೂ ಹಾಗೇ ನಂಬೋದಿಲ್ಲ, ಅಲ್ಲಿ ಲಾಗ್ ಇದೆ, ಸ್ಕ್ರೀನ್‌ಶಾಟ್ ಇದೆ, ಅಪ್ರೂವಲ್ ಇದೆ. ಅಲ್ಲಿ ಸುಳ್ಳು ಹೇಳಿದರೆ ಒಂದು ವ್ಯವಸ್ಥೆಗೆ ಮೋಸ. ಕೆರೆ ದಂಡೆ ಮೇಲೆ ಲಾಗ್ ಇಲ್ಲ. ಮಂಜಿನಲ್ಲಿ ಎರಡು ಸೆಕೆಂಡು ಹಾರಿದ ಹಕ್ಕಿಗೆ ಇರೋ ಒಂದೇ ದಾಖಲೆ ನೋಡಿದವರ ಮಾತು. ಬಹುಮಾನ ಇಲ್ಲದ ಕಡೆ ಸುಳ್ಳು ಸಣ್ಣದು ಅಂತ ನಾನು ಅಂದುಕೊಂಡಿದ್ದೆ. ಬಹುಮಾನ ಇಲ್ಲದ ಕಡೆ ನಂಬಿಕೆ ಬಿಟ್ಟು ಬೇರೇನೂ ಇರೋದಿಲ್ಲ, ಆದ್ದರಿಂದ ಕೆಡೋದೂ ಅದೇ.

ಹಾಗಂತ ಎಣಿಸೋದನ್ನು ಬಿಡಬೇಕು ಅಂತ ನನಗೆ ಅನ್ನಿಸಿಲ್ಲ. ಅಮೆರಿಕದ ಫೀಬಿ ಸ್ನೆಟ್ಸಿಂಗರ್ ಎಂಬ ಗೃಹಿಣಿಗೆ 1981ರಲ್ಲಿ ಕ್ಯಾನ್ಸರ್ ಗುರುತಿಸಿ, ಹೆಚ್ಚು ದಿನ ಉಳಿಯೋದಿಲ್ಲ ಅಂತ ಡಾಕ್ಟರರು ಹೇಳಿದ್ದರು. ಆಕೆ ಬೈನಾಕ್ಯುಲರ್ ಎತ್ತಿಕೊಂಡು ಹೊರಟರು. ಮುಂದಿನ ಹದಿನೆಂಟು ವರ್ಷ ಬದುಕಿ, ಎಂಟು ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿ ನೋಡಿದ ಜಗತ್ತಿನ ಮೊದಲ ವ್ಯಕ್ತಿಯಾದರು. 1999ರಲ್ಲಿ ಮಡಗಾಸ್ಕರ್‌ನಲ್ಲಿ ಹಕ್ಕಿ ಹುಡುಕಿಕೊಂಡು ಹೋಗುವಾಗಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಇನ್ನೂ ನೋಡದ ಒಂದು ಹಕ್ಕಿ ಮನುಷ್ಯರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತೆ, ಅದು ಸಣ್ಣ ಮಾತಲ್ಲ. ನನ್ನಂಥ ಸೋಮಾರಿಯನ್ನು ಭಾನುವಾರ ಐದು ಗಂಟೆಗೆ ಎಬ್ಬಿಸಿದ್ದೂ ಅದೇ ನೂರ ತೊಂಬತ್ತೊಂಬತ್ತು.

ಫೋನ್ ಇಟ್ಟ ಮೇಲೆ ನಾಲ್ಕು ಭಾನುವಾರ ಮೇಷ್ಟ್ರು ಬರಲಿಲ್ಲ. ಮಂಡಿ ನೋವು ಅಂದರು. ಮಂಡಿ ನೋವೇ ಇರಬಹುದು. ಅವರಿಲ್ಲದೆ ಎಣಿಕೆ ಸರಿಹೋಗುತ್ತಿರಲಿಲ್ಲ. ನಾಮದ ಕೋಳಿ ಎಷ್ಟು ಅಂತ ಕೇಳಿದರೆ ಏಳು ಜನ ಏಳು ಅಂಕೆ ಹೇಳುತ್ತಿದ್ದೆವು. ಫೆಬ್ರವರಿಯಲ್ಲಿ ಒಂದು ಶುಕ್ರವಾರ ರಾತ್ರಿ ಅವರೇ ಫೋನ್ ಮಾಡಿದರು. ‘ಭಾನುವಾರ ನಂದಿಗೆ ಹೋಗೋಣ್ವಾ? ನಿನ್ನ ಗಾಡೀಲಿ.’

ಹೋದೆವು, ಇಬ್ಬರೇ. ಅದೇ ಗೋಡೆ, ಅದೇ ಮರ. ಮಂಜು ಸ್ವಲ್ಪ ಕಡಿಮೆ ಇತ್ತು. ಒಂದು ಗಂಟೆ ನಿಂತೆವು, ಮಾತಿಲ್ಲ. ನಮ್ಮ ಹಿಂದೆ ಸೂರ್ಯೋದಯಕ್ಕೆ ಬಂದ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಮೇಲಿನ ಕೊಂಬೆಯಿಂದ ಪಟಪಟ ಅಂತ ಭಾರವಾದ ಸದ್ದು, ಎಲೆಗಳ ನಡುವೆ ಬೂದು-ಕಂದು ಏನೋ ಸರಿದು ಕಣಿವೆ ಕಡೆ ಜಾರಿತು. ಗಾತ್ರ ದೊಡ್ಡದಾಗಿಯೇ ಇತ್ತು. ಬೆನ್ನಿನಲ್ಲಿ ಹೊಳಪು ಇತ್ತೇನೋ.

ಮೇಷ್ಟ್ರು ನನ್ನ ಕಡೆ ತಿರುಗಿದರು. ಏನೂ ಕೇಳಲಿಲ್ಲ, ಸುಮ್ಮನೆ ನೋಡಿದರು.

‘ಕುತ್ತಿಗೆ ಕಾಣಲಿಲ್ಲ ಮೇಷ್ಟ್ರೇ’ ಅಂದೆ.

‘ನನಗೂ ಕಾಣಲಿಲ್ಲ’ ಅಂದರು. ಜೇಬಿನಿಂದ ಪೆನ್ನು ತೆಗೆದು ಲೆಕ್ಕದ ಪುಸ್ತಕದಲ್ಲಿ ಬರೆದರು: ‘6:50. ಗೋಡೆ ಪಕ್ಕದ ಮರ. ಯಾವುದೋ ಪಾರಿವಾಳ. ಇಬ್ಬರು ನೋಡಿದೆವು.’

ಆಮೇಲೆ ಕೆಳಗಿಳಿದು ಟೀ ಕುಡಿದೆವು. ದುಡ್ಡು ಅವರೇ ಕೊಟ್ಟರು. ನಾನು ಇನ್ನೂ ನೂರ ತೊಂಬತ್ತೊಂಬತ್ತರಲ್ಲೇ ಇದ್ದೇನೆ.